ಒಂದು ಸಾಲಿನ ಸೀಟು

ನಾನು ಒಂದು ಪಿಕಪ್ ಗಾಡಿ. ಬಣ್ಣ ಬಿಳಿ. ಈಗ ನನ್ನನ್ನು ನೋಡಿ ಬಿಳಿ ಅಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ. ಗುಜರಿ ಅಂಗಡಿಯ ಅಂಗಳದಲ್ಲಿ ಗಾಲಿಯಿಲ್ಲದೆ ಕಲ್ಲಿನ ಮೇಲೆ ಕೂತವನಿಗೆ ಬಣ್ಣದ ಹಂಗೇಕೆ?

ಕಾರ್ಖಾನೆಯ ಸಾಲಿನಲ್ಲಿ ನಾವೆಲ್ಲ ಮೊದಲು ಬರೀ ಅಡಿಗಟ್ಟು. ಎರಡು ಉದ್ದನೆಯ ಉಕ್ಕಿನ ತೊಲೆ, ನಾಲ್ಕು ಗಾಲಿ, ಒಂದು ಎಂಜಿನ್. ಅಲ್ಲಿಯತನಕ ಅಣ್ಣತಮ್ಮಂದಿರಲ್ಲಿ ಭೇದವಿಲ್ಲ. ಆಮೇಲೆ ಮೇಲಿನಿಂದ ಸರಪಳಿಯಲ್ಲಿ ತೂಗಾಡುತ್ತ ಕ್ಯಾಬು ಇಳಿಯುತ್ತದೆ. ಕ್ಯಾಬು ಅಂದರೆ ಮನುಷ್ಯರು ಕೂಡುವ ಕೋಣೆ. ನನ್ನ ಮುಂದಿದ್ದವನಿಗೆ ನಾಲ್ಕು ಬಾಗಿಲಿನ, ಎರಡು ಸಾಲು ಸೀಟಿನ ದೊಡ್ಡ ಕ್ಯಾಬು ಬಂತು. ನನಗೆ ಬಂದದ್ದು ಎರಡು ಬಾಗಿಲಿನದು, ಒಂದೇ ಸಾಲು ಸೀಟು. ಒಟ್ಟು ಉದ್ದ ಇಬ್ಬರದೂ ಒಂದೇ. ಹಾಗಾಗಿ ಕೋಣೆ ದೊಡ್ಡದಾದವನಿಗೆ ಸಾಮಾನು ಹೊರುವ ಬೆನ್ನು ಗಿಡ್ಡ, ಕೋಣೆ ಸಣ್ಣದಾದ ನನಗೆ ಬೆನ್ನು ಉದ್ದ. ನನಗೆ ಆಗ ಭಾರೀ ಹೆಮ್ಮೆ. ಹೊರಲೆಂದೇ ಹುಟ್ಟಿದ ಮೇಲೆ ಬೆನ್ನು ಉದ್ದವಿದ್ದವನೇ ಗಂಡು ಅನ್ನುವ ಸೊಕ್ಕು.

ಸೀಟಿನ ಹಿಂದೆ ಒಂದು ತಗಡಿನ ಗೋಡೆ. ಗೋಡೆಯಲ್ಲಿ ಒಂದು ಗಾಜು. ಗೋಡೆಯ ಈಚೆ ಮನುಷ್ಯರು, ಆಚೆ ಸಾಮಾನು ಎಂದು ನಾನು ತಿಳಿದಿದ್ದೆ. ಆಚೆಯೂ ಮನುಷ್ಯರೇ ಕೂಡುತ್ತಾರೆ ಎಂದು ಕಾರ್ಖಾನೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ನನ್ನನ್ನು ಕೊಂಡವರು ಲೋಕಾಪುರದ ಕಮ್ಮಾರ ಕಾಳಪ್ಪ ಮತ್ತು ಅವರ ಮಗ ಮೋನೇಶ. ಬಾಗಲಕೋಟೆಯ ಶೋರೂಮಿಗೆ ಮನೆಮಂದಿಯೆಲ್ಲ ಬಂದಿದ್ದರು. ಅವರದು ಮದುವೆಗೆ ಕೊಡುವ ಕಬ್ಬಿಣದ ಮಂಚ ಮತ್ತು ತಿಜೋರಿ ಮಾಡುವ ಕೆಲಸ. ತಿಜೋರಿ ಅಂದರೆ ಆ ಕಡೆ ಬಟ್ಟೆ, ಬಂಗಾರ ಇಡುವ ಆಳೆತ್ತರದ ಕಬ್ಬಿಣದ ಬೀರು. ಬಾಗಿಲ ತುಂಬ ಕನ್ನಡಿ ಇರುತ್ತದೆ. ಹೆಣ್ಣಿನ ಮನೆಯವರು ಮಾಡಿಸುತ್ತಾರೆ, ಮದುವೆ ಮನೆಯ ಬಾಗಿಲಿಗೆ ಅದು ಬಂದು ಇಳಿಯಬೇಕು.

ಮೋನೇಶನ ಕಣ್ಣು ನನ್ನ ಪಕ್ಕದ ದೊಡ್ಡ ಕ್ಯಾಬಿನವನ ಮೇಲಿತ್ತು.

"ಅಪ್ಪಾ, ಇದನ್ನ ತಗೊಳ್ಳೂಣು. ಮನಿ ಮಂದಿ ಎಲ್ಲಾ ಒಳಗ ಕುಂದ್ರಬಹುದು."

ಕಾಳಪ್ಪ ಕಿಸೆಯಿಂದ ಟೇಪು ತೆಗೆದು ಅವನ ಬೆನ್ನು ಅಳೆದರು, ಆಮೇಲೆ ನನ್ನ ಬೆನ್ನು ಅಳೆದರು. ಟೇಪು ಸರ್ರನೆ ಒಳಗೆ ಹೋಯಿತು.

"ಅದರಾಗ ಮಂಚ ಹಿಡಿಯೂದಿಲ್ಲ. ಕಾಲು ಹೊರಗ ಚಾಚತಾವು."

"ಚಾಚಲಿ ಬಿಡ್ರಿ ಯಜಮಾನ್ರ," ಎಂದ ಶೋರೂಮಿನ ಹುಡುಗ. "ತುದಿಗೆ ಒಂದು ಕೆಂಪ ಬಟ್ಟಿ ಕಟ್ಟಿದ್ರ ಮುಗೀತು. ಎಲ್ಲಾರೂ ಹಂಗ ಒಯ್ತಾರ."

"ಮದುವಿ ಮಂಚ ಕಾಲು ಚಾಚಕೊಂಡು ಊರಾಗ ಹೋಗೂದು? ಛೇ! ಮಂದಿ ಏನಂದಾರು?"

ಅಷ್ಟಕ್ಕೇ ನಾನು ಆಯ್ಕೆಯಾದೆ. ಕಾಳಪ್ಪ ಕೆಟ್ಟವರಲ್ಲ. ಮಂಚದ ಅಳತೆ ಹಿಡಿದರು, ಮನುಷ್ಯರ ಅಳತೆ ಹಿಡಿಯಲಿಲ್ಲ, ಅಷ್ಟೇ. ಬಾಗಿಲ ಹತ್ತಿರ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಸೊಸೆ ಚಂದ್ರಕಲಾ ನಿಂತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಕ್ಯಾಬಿನೊಳಗೆ ಒಮ್ಮೆ ಇಣುಕಿ ನೋಡಿ, ಅತ್ತೆ ಗಂಗವ್ವನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು.

"ಅತ್ತೀ, ನಾ ಎಲ್ಲಿ ಕುಂದ್ರಲಿ?"

"ಹಿಂದ ಬೇಕಾದಷ್ಟು ಜಾಗಾ ಐತೆಲ್ಲವಾ," ಎಂದಳು ಗಂಗವ್ವ.

ಹಿಂದೆ ಅಂದರೆ ನನ್ನ ಬೆನ್ನ ಮೇಲೆ, ಸಾಮಾನಿನ ಜೊತೆ.

ಆ ಮನೆಯ ರೀತಿ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ. ಸೊಸೆಯಾದವಳು ಮಾವನ ಸರಿಸಮ ಕೂಡುವಂತಿಲ್ಲ. ಮಾವ ಕಟ್ಟೆಯ ಮೇಲಿದ್ದರೆ ಅವಳು ಒಳಗೆ, ಮಾವ ಒಳಗೆ ಬಂದರೆ ಅವಳು ಅಡುಗೆಮನೆಗೆ. ಎದುರಾದರೆ ತಲೆಯ ಮೇಲೆ ಸೆರಗು. ನೇರ ಮಾತಿಲ್ಲ, ಹೇಳುವುದೇನಿದ್ದರೂ ಅತ್ತೆಯ ಬಾಯಿಂದ, ಇಲ್ಲವೇ ಗಂಡನ ಬಾಯಿಂದ. ಹೀಗಿರುವಾಗ ನನ್ನ ಒಂದು ಸಾಲಿನ ಸೀಟಿನಲ್ಲಿ ಅವಳು ಎಲ್ಲಿ ಕೂಡಬೇಕು? ಮೋನೇಶ ಗಾಡಿ ಓಡಿಸಬೇಕು. ಕಾಳಪ್ಪ ಹಿರಿಯರು, ಅವರಿಗೆ ಕಿಟಕಿ ಬದಿ. ನಡುವೆ ಜಾಗ ಇತ್ತು. ಆದರೆ ಮಾವನ ಭುಜಕ್ಕೆ ಭುಜ ತಾಗಿಸಿ ಕೂಡುವುದೆಂದರೆ ಅವಳಿಗೆ ಪ್ರಾಣವೇ ಹೋದಂತೆ. ದೊಡ್ಡ ಕ್ಯಾಬು ಆಗಿದ್ದರೆ ಹಿಂದಿನ ಸಾಲಿನಲ್ಲಿ ಬೆಚ್ಚಗೆ ಕೂತಿರುತ್ತಿದ್ದಳು, ಯಾವ ರೀತಿಯೂ ಮುರಿಯುತ್ತಿರಲಿಲ್ಲ.

ಕೆಲಸಕ್ಕೆ ಅವಳು ಬೇಕೇ ಬೇಕು, ಅದು ಇನ್ನೊಂದು ಸಂಕಟ. ತಿಜೋರಿಯ ಮೇಲೆ ಮದುಮಕ್ಕಳ ಹೆಸರು ಬರೆಯುವವಳು ಅವಳೇ. ಕನ್ನಡಿಯ ಮೂಲೆಗೆ ಎಣ್ಣೆಬಣ್ಣದಲ್ಲಿ ಒಂದು ನವಿಲು ಬಿಡಿಸುತ್ತಿದ್ದಳು, ಅದರ ಕಣ್ಣು ನಿಮ್ಮನ್ನೇ ನೋಡಿದ ಹಾಗಿರುತ್ತಿತ್ತು. ಹೆಸರನ್ನು ಮದುವೆ ಮನೆಯಲ್ಲೇ, ಎಲ್ಲರ ಎದುರು ಬರೆಯಬೇಕೆಂಬ ಪದ್ಧತಿ. ಅದಕ್ಕೇ ಗಿರಾಕಿಗಳು ಬರುತ್ತಿದ್ದರು. "ನವಿಲಿನಕಿ ಬರತಾಳಲ್ರಿ?" ಎಂದು ಮೊದಲೇ ಕೇಳಿ ಗಟ್ಟಿ ಮಾಡಿಕೊಳ್ಳುತ್ತಿದ್ದರು.

ಹೀಗೆ ನಮ್ಮ ಸವಾರಿ ಶುರುವಾಯಿತು. ಮುಂದೆ ತಂದೆ ಮಗ, ಹಿಂದೆ ಮಂಚ, ತಿಜೋರಿ, ಚಂದ್ರಕಲಾ. ತಿಜೋರಿಯನ್ನು ಅವರು ಮಲಗಿಸುತ್ತಿರಲಿಲ್ಲ. ಮಲಗಿಸಿದ್ದರೆ ಚಿಂತೆಯೇ ಇರಲಿಲ್ಲ. ಆದರೆ ಕಾಳಪ್ಪನ ಹಟ ಒಂದೇ.

"ಮದುವಿ ಮನಿಗೆ ತಿಜೋರಿ ಹೆಣದಂಗ ಮಲಗಿಸಿ ಒಯ್ತಾರೇನು? ನಿಂತ ಬರಬೇಕು, ಲಕ್ಷ್ಮಿ ಬಂದಂಗ."

ಅದಕ್ಕೆ ಅದನ್ನು ನನ್ನ ಕ್ಯಾಬಿನ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಗೋಡೆಯ ಮೇಲ್ತುದಿಯ ಎರಡು ಕೊಂಡಿಗಳಿಗೆ ಹಗ್ಗದಿಂದ ಬಿಗಿಯುತ್ತಿದ್ದರು. ಪಕ್ಕದಲ್ಲಿ ಉಳಿದ ಸಂದಿಯಲ್ಲಿ ಚಂದ್ರಕಲಾ ಕೌದಿ ಹಾಸಿಕೊಂಡು, ನನ್ನ ಗೋಡೆಗೆ ಒರಗಿ ಕೂಡುತ್ತಿದ್ದಳು. ಏನಾದರೂ ಬೇಕಾದರೆ ಗೋಡೆಯನ್ನು ಮೂರು ಸಲ ಬಡಿಯಬೇಕು. ಇದು ಗಂಡ ಹೆಂಡತಿ ಮಾಡಿಕೊಂಡ ಗುರುತು. ಟಕ್, ಟಕ್, ಟಕ್. ಮೋನೇಶ ಗಾಡಿ ನಿಲ್ಲಿಸುತ್ತಿದ್ದ. ಅವಳು ನೀರು ಕುಡಿದು, ಇಲ್ಲವೇ ಒಂದು ಮರದ ಮರೆಗೆ ಹೋಗಿ ಬಂದು ಮತ್ತೆ ಹತ್ತುತ್ತಿದ್ದಳು. ಅವಳ ಬೆನ್ನಿನ ಬಿಸಿ ನನ್ನ ತಗಡಿಗೆ ತಾಗುತ್ತಿತ್ತು. ಆ ಮನೆಯಲ್ಲಿ ನನಗೆ ಹತ್ತಿರದವಳು ಅವಳೇ.

ಮೊದಮೊದಲು ಆ ಗಾಜಿನಿಂದ ಮೋನೇಶ ಆಗಾಗ ಹಿಂದೆ ನೋಡುತ್ತಿದ್ದ. ಆದರೆ ಮಾವನೂ ತಿರುಗಿದರೆ? ಹೀಗಾಗಿ ಅವಳು ದಾರಿಯುದ್ದಕ್ಕೂ ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದೇ ಕೂತಿರುತ್ತಿದ್ದಳು. ಇನ್ನೊಂದು ಕೈ ಹಗ್ಗದ ಮೇಲೆ. ಅದನ್ನು ಕಂಡು ಕಾಳಪ್ಪನಿಗೆ ಕನಿಕರವಾಯಿತು.

"ಪಾಪ, ಹುಡುಗಿ ಎಷ್ಟಂತ ಸೆರಗು ಹಿಡಕೊಂಡು ಕುಂತೀತು? ಆರಾಮ ಕುಂದ್ರಲಿ," ಎಂದು ಅವರೇ ಪೇಟೆಗೆ ಹೋಗಿ, ಕಾಳಿಕಾದೇವಿಯ ದೊಡ್ಡ ಚಿತ್ರದ ಸ್ಟಿಕ್ಕರ್ ತಂದು ಗಾಜಿನ ಹೊರಬದಿಯ ತುಂಬ ಅಂಟಿಸಿದರು. ಗುಳ್ಳೆ ಬರದ ಹಾಗೆ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಕೂರಿಸಿದರು. ಚಂದ್ರಕಲಾಳೂ ಖುಷಿಪಟ್ಟಳು. ನನಗೆ ಮಾತ್ರ ಒಂದು ಕಣ್ಣು ಕಿತ್ತ ಹಾಗಾಯಿತು. ಅಂದಿನಿಂದ ಗೋಡೆಯ ಆಚೆ ಏನಾದರೂ ಈಚೆಯವರಿಗೆ ಕಾಣುತ್ತಿರಲಿಲ್ಲ. ಆ ಮೂರು ಬಡಿತವೊಂದೇ ಉಳಿಯಿತು.

ಮರುವರ್ಷ ಅವಳು ಬಸುರಿಯಾದಳು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಗಂಗವ್ವ ಸೊಸೆಗೆ ಕೊಡ ಎತ್ತಲು ಬಿಡುತ್ತಿರಲಿಲ್ಲ, ಬೆಂಕಿಯ ಮುಂದೆ ಕೂಡಲು ಬಿಡುತ್ತಿರಲಿಲ್ಲ. ಆದರೆ ಗಾಡಿಯಲ್ಲಿ ಕೂತು ಹೋಗುವುದು ಕೆಲಸವೆಂದು ಯಾರಿಗೂ ಅನ್ನಿಸಲಿಲ್ಲ. ಸುಮ್ಮನೆ ಕೂಡುವುದು ತಾನೆ!

ನನಗೆ ಆಗಲೇ ಬೆನ್ನಲ್ಲೊಂದು ನೋವು ಶುರುವಾಗಿತ್ತು. ಬಲಗಡೆಯ ಕೊಂಡಿಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ರಸ್ತೆಗೆ ಅಡ್ಡ ಕಟ್ಟಿದ ಪ್ರತಿ ಹಂಪಿಗೂ ಅದು ಒಂದಿಷ್ಟು ಬಾಯಿ ಬಿಡುತ್ತಿತ್ತು. ಆ ದಾರಿಯ ಹಂಪುಗಳನ್ನು ನೀವು ನೋಡಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಓಟಕ್ಕೆ ಹೆದರಿ ಊರೂರಿನವರು ಮೊಣಕಾಲೆತ್ತರ ಮಣ್ಣು ಕಲ್ಲು ಹಾಕಿ ಕಟ್ಟಿದವು. ಬಿರುಕನ್ನು ಮೊದಲು ಕಂಡವಳೂ ಚಂದ್ರಕಲಾ. ಬೆರಳಲ್ಲಿ ಮುಟ್ಟಿ ನೋಡಿದಳು.

"ರೀ, ಈ ಕೊಂಡಿ ಸೀಳೈತಿ ನೋಡ್ರಿ. ಒಂದ ಬೆಸಿಗಿ ಹಾಕ್ರಿ."

"ನಾಳೆ ಹಾಕ್ತೀನೇಳು," ಎಂದ ಮೋನೇಶ.

ಅಂಗಡಿಯಲ್ಲಿ ದಿನವಿಡೀ ಬೆಸುಗೆಯ ಕಿಡಿ ಹಾರುತ್ತಿತ್ತು. ಊರವರ ಗೇಟಿಗೆ, ಕಿಟಕಿಗೆ, ನೇಗಿಲಿಗೆ ಹಾಕಿದ ಬೆಸುಗೆ ನನ್ನ ತನಕ ಬರಲಿಲ್ಲ. ಆ ನಾಳೆ ದಿನಾಲೂ ಮುಂದೆ ಮುಂದೆ ಹೋಯಿತು. ನಾನು ಹೊಸ ಗಾಡಿಯಲ್ಲವೇ, ನನಗೇನಾಗುತ್ತದೆ ಎಂಬ ಧೈರ್ಯ ಅವರಿಗೆ.

ಅವಳಿಗೆ ಕುಬಸದ ಕಾರ್ಯ, ಅಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಮೊಣಕೈತನಕ ಹಸಿರು ಬಳೆ. ತವರಿನವರು ಬಂದು ಕರೆದೊಯ್ಯುವ ದಿನ ಗೊತ್ತಾಯಿತು. ಅದಕ್ಕೆ ಮೊದಲು ರಾಮದುರ್ಗದ ಕಡೆಯ ಒಂದು ಮದುವೆಯ ಸಾಮಾನು ಮುಟ್ಟಿಸುವುದಿತ್ತು. ಇದೊಂದು ಮುಗಿಸಿ ಬರುತ್ತೇನೆ ಎಂದು ಅವಳೇ ಅಂದಳು.

ಮಧ್ಯಾಹ್ನ ಊಟವಾದ ಮೇಲೆ ಸಾಮಾನು ಏರಿಸಿದರು. ಅಂದಿನ ತಿಜೋರಿ ಎಂದಿನದಕ್ಕಿಂತ ದೊಡ್ಡದು, ಎರಡು ಕನ್ನಡಿಯದು. ಅದು ಬೆನ್ನಿಗೆ ಬಂದು ಕೂತಾಗಲೇ ನನಗೆ ಗೊತ್ತಾಯಿತು, ಇದು ಸರಿಯಿಲ್ಲ ಎಂದು. ಮೋನೇಶನಿಗೂ ಏನೋ ಅನ್ನಿಸಿರಬೇಕು.

"ಅಪ್ಪಾ, ಇವತ್ತ ಇಕಿ ಮುಂದ ಕುಂದ್ರಲಿ."

"ನಾ ಬ್ಯಾಡ ಅಂದೆನೇನೋ? ಕುಂದ್ರಸು. ನಾನ ಹಿಂದ ಹೋಕ್ಕೀನಿ," ಎಂದು ಕಾಳಪ್ಪ ಇಳಿದೇ ಬಿಟ್ಟರು.

ಚಂದ್ರಕಲಾ ಹೌಹಾರಿದಳು. ಗಂಡನ ತೋಳು ಹಿಡಿದು, "ಅಯ್ಯ ದೇವ್ರ! ಮಾವಾರನ ಹಿಂದ ಕುಂದ್ರಿಸಿ ನಾ ಮುಂದ ಕುಂದ್ರಲ್ಯಾ? ಮದುವಿ ಮನಿ ಮುಂದ ಹಂಗ ಇಳದ್ರ ನನ್ನ ಮಾರಿಗೆ ಉಗುಳತಾರ," ಎಂದಳು.

ಗಂಗವ್ವ ಬಾಗಿಲಲ್ಲಿ ನಿಂತಿದ್ದಳು. ಅವಳೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚಂದ್ರಕಲಾ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ನನ್ನ ಹಿಂದಿನ ಗಾಲಿಯ ಮೇಲೆ ಕಾಲಿಟ್ಟು ಹತ್ತಿದಳು. ಕಾಳಪ್ಪ ಮತ್ತೆ ಮುಂದೆ ಬಂದು ಕೂತರು. ಅವಳೂ ಸೇರಿ ಅಲ್ಲಿದ್ದ ನಾಲ್ವರಲ್ಲಿ ಒಬ್ಬರೂ ಅವಳಿಗೆ ಕೇಡು ಬಯಸಿದವರಲ್ಲ. ಈಗಲೂ ಅದನ್ನು ನೆನೆದರೆ ನನಗೆ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯುವುದಿಲ್ಲ.

ಲೋಕಾಪುರ ದಾಟಿ ಅರ್ಧ ದಾರಿ ಸುಖವಾಗಿಯೇ ಹೋಯಿತು. ಅವಳು ಏನೋ ಹಾಡು ಗುನುಗುತ್ತಿದ್ದಳು, ಹೊಟ್ಟೆಯ ಮೇಲೆ ಬೆರಳಾಡಿಸುತ್ತಿದ್ದಳು. ಒಂದು ಹಳ್ಳಿಯ ಹಂಪಿಗೆ ಕೊಂಡಿ ಕಿರ್ ಎಂದಿತು. ಅವಳ ಹಾಡು ನಿಂತಿತು. ತಲೆಯೆತ್ತಿ ನೋಡಿ, ನನ್ನ ಗೋಡೆಯನ್ನು ಮೂರು ಸಲ ಬಡಿದಳು. ಅದೇ ಹೊತ್ತಿಗೆ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರು, ಅದರ ಮೇಲೆ ಕಿವಿ ಹರಿಯುವ ಹಾಡು. ಯಾರಿಗೂ ಕೇಳಲಿಲ್ಲ. ಮೋನೇಶ ಗಾಡಿಯನ್ನು ಬದಿಗೆ ಹೊರಳಿಸಿದ. ಗಾಲಿ ರಸ್ತೆಯ ಅಂಚಿನಿಂದ ಇಳಿದು ಧಡ್ಡೆಂದು ಏರಿತು. ಕೊಂಡಿ ಕಿತ್ತು ಬಂತು.

ತಿಜೋರಿ ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಆಮೇಲೆ ಓರೆಯಾಗಿ ಅವಳ ಮೇಲೆ ಬಂತು. ಕನ್ನಡಿಗೆ ಪೆಟ್ಟಾಗದಿರಲೆಂದು ಅವಳು ಎರಡೂ ಕೈ ಕೊಟ್ಟಳು. ಅಭ್ಯಾಸ. ಅದು ಅವಳನ್ನು ಸೊಂಟದ ಕೆಳಗೆ ಮಂಚದ ಚೌಕಟ್ಟಿಗೆ ಒತ್ತಿ ಹಿಡಿಯಿತು. ಕೂಗಿದಳು. ಗಾಳಿ, ಎಂಜಿನ್, ಕಬ್ಬಿಣದ ಸದ್ದು. ಕೂಗು ಹಿಂದಕ್ಕೆ ಹಾರಿಹೋಯಿತು. ಒಂದು ಕೈ ಬಿಡಿಸಿಕೊಂಡು ನನ್ನ ಗೋಡೆಯನ್ನು ಬಡಿಯತೊಡಗಿದಳು. ಮೂರಕ್ಕೆ ನಿಲ್ಲಿಸಲಿಲ್ಲ. ನಿಲ್ಲಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಒಂದೇ ಸಮನೆ ಬಡಿದಳು.

ಒಳಗೆ ಮೋನೇಶ ಕಿವಿಗೊಟ್ಟ. "ಅಪ್ಪಾ, ಇಕಿ ಬಡದಂಗ ಆತಲ್ಲ?"

ಕಾಳಪ್ಪನೂ ಕಿವಿಗೊಟ್ಟರು. "ಅಲ್ಲೋ. ಇಕಿ ಬಡದ್ರ ಮೂರ ಸಲ ಬಡದು ಸುಮ್ಮನಾಗತಾಳ. ಇದು ನೋಡು, ಬಡಕೋಂತನ ಹೊಂಟೈತಿ. ತಿಜೋರಿ ಅದು. ಹಗ್ಗ ಸಡ್ಲ ಆಗಿರಬೇಕು. ಊರು ಬಂದ ಬಿಡ್ತು, ನಡಿ."

ನಾನು ಏನು ಮಾಡಲಿ? ಎಂಜಿನ್ ಬಂದ್ ಬೀಳಲಿ ಎಂದು ಬೇಡಿಕೊಂಡೆ. ಗಾಲಿ ಪಂಕ್ಚರ್ ಆಗಲಿ, ಎಣ್ಣೆ ತೀರಲಿ, ಏನಾದರೂ ಆಗಲಿ. ಹೊಸ ಎಂಜಿನ್, ಹೊಸ ಗಾಲಿ. ಒಂದೂ ಕೈಕೊಡಲಿಲ್ಲ. ಬಡಿತ ನಿಧಾನವಾಯಿತು. ಆಮೇಲೆ ಬಳೆಯ ಚೂರು ತಗಡಿನ ಮೇಲೆ ಗೀರುವ ಸದ್ದು. ಆಮೇಲೆ ಅದೂ ಇಲ್ಲ.

"ನೋಡು, ನಿಂತಿತು," ಎಂದರು ಕಾಳಪ್ಪ.

ಮದುವೆ ಮನೆಯ ಮುಂದೆ ಹೆಂಗಸರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಕಾಳಪ್ಪ ಇಳಿದು ಪಂಚೆ ಕೊಡವುತ್ತ ಹಿಂದೆ ಬರುವಾಗ, ಇನ್ನೂ ಏನೂ ಕಾಣುವ ಮೊದಲು, ಕೂಗಿ ಕೇಳಿದರು. "ಕನ್ನಡಿ ಒಡದೈತೇನು ನೋಡವಾ!"

ಕನ್ನಡಿ ಒಡೆದಿರಲಿಲ್ಲ. ಒಂದು ಗೀರೂ ಬಿದ್ದಿರಲಿಲ್ಲ. ಅದು ಅವಳ ಮೇಲೆ ಬಿದ್ದಿತ್ತು.

ಚಂದ್ರಕಲಾ ಬದುಕಿದಳು. ಮಗು ಉಳಿಯಲಿಲ್ಲ. ಗಂಡು ಮಗುವಂತೆ, ಮೋನೇಶ ಆಸ್ಪತ್ರೆಯಿಂದ ಬಂದು ನನ್ನ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತಾಗ ನನಗೆ ತಿಳಿಯಿತು. ಅವಳ ಎಡಗಾಲು ಮತ್ತೆ ನೆಟ್ಟಗಾಗಲಿಲ್ಲ. ತವರಿನವರು ಅಲ್ಲಿಂದಲೇ ಕರೆದುಕೊಂಡು ಹೋದರು. ನನ್ನ ಬೆನ್ನನ್ನು ಗಂಗವ್ವ ಒಬ್ಬಳೇ ತೊಳೆದಳು. ಕಾಳಪ್ಪ ಮರುದಿನವೇ ಆ ಕೊಂಡಿಗೆ ಬೆಸುಗೆ ಹಾಕಿದರು. ಒಂದರ ಮೇಲೊಂದು ಹಾಕುತ್ತಲೇ ಹೋದರು, ಅದು ಅಡಿಕೆ ಗಾತ್ರ ಊದಿಕೊಳ್ಳುವ ತನಕ. ಮೋನೇಶ ಬಂದು ಕೈ ಹಿಡಿದು ನಿಲ್ಲಿಸಬೇಕಾಯಿತು.

ಬೇಸಿಗೆ ಕಳೆದ ಮೇಲೆ ಅವಳನ್ನು ಕರೆತರಲು ತಂದೆ ಮಗ ನನ್ನಲ್ಲೇ ಹೋದರು. ಅವಳು ಕುಂಟುತ್ತ ಹೊರಗೆ ಬಂದಳು. ಹಿಂದಕ್ಕೆ ಹೋಗಲಿಲ್ಲ. ನೇರ ಮುಂದೆ ಬಂದು, ಕಾಳಪ್ಪ ಕೂತಿದ್ದ ಬದಿಯ ಬಾಗಿಲನ್ನು ತಾನೇ ತೆರೆದಳು. ತಲೆಯ ಮೇಲೆ ಸೆರಗಿರಲಿಲ್ಲ. ಕಾಳಪ್ಪ ಅವಳ ಮುಖ ನೋಡಿದ್ದು ಬಹುಶಃ ಅದೇ ಮೊದಲು. ಇಳಿದರು. ಹಿಂದೆ ಹೋಗಿ ನನ್ನ ಬೆನ್ನೇರಿ, ಅವಳು ಕೂಡುತ್ತಿದ್ದ ಜಾಗದಲ್ಲಿ ಮೊಣಕಾಲು ಮಡಚಿ ಕೂತರು. ಅವಳು ಸೀಟಿನಲ್ಲಿ ಕೂತವಳೇ ಹಿಂದಕ್ಕೆ ಹೊರಳಿ, ಕಿಟಕಿಯಿಂದ ಕೈ ಚಾಚಿ, ಗಾಜಿನ ಮೇಲಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆಯಲು ನೋಡಿದಳು. ಕೈ ನಿಲುಕಲಿಲ್ಲ. ಆಚೆಯಿಂದ ಕಾಳಪ್ಪನೇ ಕಿತ್ತರು. ಚೂರು ಚೂರಾಗಿ ಬಂತು.

ದಾರಿಯಲ್ಲಿ ಮೊದಲ ಹಂಪು ಬಂದಾಗ ಅವಳು ಒಳಗಿನಿಂದ ಗೋಡೆಯನ್ನು ಮೂರು ಸಲ ಬಡಿದಳು. ಹಿಂದಿನಿಂದ ಉತ್ತರವಿಲ್ಲ. "ನಿಲ್ಲಸ್ರಿ," ಎಂದಳು ಗಂಡನಿಗೆ. ಇಳಿದು, ಕಾಲೆಳೆಯುತ್ತ ಹಿಂದೆ ಬಂದು ನಿಂತಳು. ಕಾಳಪ್ಪ ತಲೆ ತಗ್ಗಿಸಿ ಕೂತಿದ್ದರು, ಕಣ್ಣಲ್ಲಿ ನೀರು. ಅವಳು ಆ ಮನೆಗೆ ಬಂದ ಮೇಲೆ ಮಾವನ ಜೊತೆ ನೇರ ಆಡಿದ ಮೊದಲ ಮಾತು ನನ್ನ ಬೆನ್ನ ಹತ್ತಿರವೇ ಆಡಿದಳು.

"ಬಡದ್ರ ತಿರುಗಿ ಬಡೀರಿ, ಮಾವಾರ. ಎಷ್ಟು ಸಲ ಬಡದ್ರೂ ನಾ ಕೇಳಸ್ಕೋತೀನಿ."

ಅದು ಸಿಟ್ಟೋ, ಅಂತಃಕರಣವೋ, ನನಗೆ ಇಂದಿಗೂ ತಿಳಿದಿಲ್ಲ. ಅಂದಿನಿಂದ ಕಾಳಪ್ಪ ಬದುಕಿರುವ ತನಕ ಹಿಂದೆಯೇ ಕೂತರು. ಊರವರು ಆಡಿಕೊಂಡರು, ಆಡಿಕೊಂಡು ಬಾಯಿ ಸೋತು ಬಿಟ್ಟರು. ಪ್ರತಿ ಹಂಪಿಗೂ ಒಳಗಿನಿಂದ ಮೂರು, ಹೊರಗಿನಿಂದ ಮೂರು. ತಿಜೋರಿ ಮಲಗಿಯೇ ಹೋಯಿತು. ಮದುವೆ ಮನೆಯವರು ಯಾರೂ ಅದಕ್ಕೆ ತಕರಾರು ಮಾಡಲಿಲ್ಲ. ನವಿಲು ಮಾತ್ರ ಅವಳು ಮತ್ತೆ ಬರೆಯಲಿಲ್ಲ. ಬರೀ ಹೆಸರು.

ಕಾಳಪ್ಪ ತೀರಿಕೊಂಡ ಮೇಲೆ ಅವರಿಗೆ ಹೊಸ ಗಾಡಿ ಬೇಕಾಯಿತು. ಆಗ ಅವಳಿಗೆ ಒಬ್ಬ ಮಗಳಿದ್ದಳು. ಅದೇ ಶೋರೂಮಿನ ಮುಂದೆ ನನ್ನನ್ನು ನಿಲ್ಲಿಸಿ ಒಳಗೆ ಹೋದರು. ಗಾಜಿನ ಗೋಡೆಯಿಂದ ನನಗೆ ಎಲ್ಲ ಕಾಣುತ್ತಿತ್ತು. ಚಂದ್ರಕಲಾ ದೊಡ್ಡ ಕ್ಯಾಬಿನ ಒಂದೊಂದೇ ಬಾಗಿಲು ತೆರೆದು, ಒಂದೊಂದೇ ಸೀಟಿನಲ್ಲಿ ಕೂತು ನೋಡಿದಳು. ಮಗಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದಳು, ಗಂಗವ್ವನನ್ನು ಪಕ್ಕದಲ್ಲಿ ಕೂರಿಸಿದಳು. ಟೇಪನ್ನು ಯಾರೂ ತಂದಿರಲಿಲ್ಲ. ಹೊಸ ಗಾಡಿ ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ತುಂಡು ಕೆಂಪು ಬಟ್ಟೆ ಇತ್ತು. ಮನೆಯಿಂದಲೇ ತಂದಿದ್ದಳು. ಹೊರಗೆ ಚಾಚುವ ಮಂಚದ ಕಾಲಿಗೆ ಕಟ್ಟಲು. ಅಷ್ಟು ಸಣ್ಣ ಬಟ್ಟೆ ಸಾಕಿತ್ತಲ್ಲ! ಹೋಗುವ ಮುನ್ನ ಅವಳು ನನ್ನ ಹತ್ತಿರ ಬಂದು, ಗೋಡೆಯ ಮೇಲಿದ್ದ ಬಳೆಯ ಗೀರನ್ನು ಅಂಗೈಯಿಂದ ಮುಚ್ಚಿ ಸ್ವಲ್ಪ ಹೊತ್ತು ನಿಂತಳು.

ಆಮೇಲೆ ನನ್ನನ್ನು ಕೊಂಡವನು ಇಟ್ಟಿಗೆ ಭಟ್ಟಿಯವನು. ಅವನ ಹೆಸರು ಹೇಳುವ ಮನಸ್ಸಿಲ್ಲ. ಮುಂದಿನ ಸೀಟಿನಲ್ಲಿ ಅವನೊಬ್ಬನೇ, ಪಕ್ಕದಲ್ಲಿ ಅವನ ಚೀಲ. ಹಿಂದೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಹೆಂಗಸರು, ಹೆಂಗಸರ ಮಡಿಲಲ್ಲಿ ಕೂಸುಗಳು. ಗಾಜು ಒಡೆದುಹೋದಾಗ ಅಲ್ಲಿ ತಗಡು ಹಾಕಿಸಿದ. ಯಾರಾದರೂ ಬಡಿದರೆ ಟೇಪ್ ರೆಕಾರ್ಡರಿನ ಸದ್ದು ಏರಿಸುತ್ತಿದ್ದ. ನಾನು ಅಲ್ಲಿ ಬೇಗ ಮುದಿಯಾದೆ, ಅದಕ್ಕೆ ಸಂತೋಷವಾಯಿತು. ಕೊನೆಗೂ ಎಂಜಿನ್ ಕೈಕೊಟ್ಟಿತು, ಬಹಳ ತಡವಾಗಿ.

ಈಗ ಈ ಗುಜರಿಯಲ್ಲಿ ನನ್ನ ಪಕ್ಕದಲ್ಲೇ ಒಂದು ದೊಡ್ಡ ಕ್ಯಾಬಿನವನೂ ಬಂದು ಬಿದ್ದಿದ್ದಾನೆ. ತುಕ್ಕು ಇಬ್ಬರಿಗೂ ಒಂದೇ. ಗಿರಾಕಿಗಳು ಬರುತ್ತಾರೆ, ಬಿಡಿಭಾಗ ಬಿಚ್ಚಿಕೊಂಡು ಹೋಗುತ್ತಾರೆ. ಕೆಲವರು ನನ್ನ ಬೆನ್ನು ಎಷ್ಟುದ್ದ ಎಂದು ಅಳೆಯುತ್ತಾರೆ. ಅವರ ಹೆಂಡಿರು ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಿರುತ್ತಾರೆ. ಅವರನ್ನು ಕರೆದು, ಎಲ್ಲಿ ಕೂಡುತ್ತೀಯಮ್ಮ ಎಂದು ಒಂದು ಮಾತು ಕೇಳಬಾರದೇ ಅನ್ನಿಸುತ್ತದೆ.

ಗಾಳಿ ಬಂದಾಗ ನನ್ನ ಹಿಂದಿನ ಸಡಿಲ ಬಾಗಿಲು ಬಡಿದುಕೊಳ್ಳುತ್ತದೆ. ಗೇಟಿನ ಹತ್ತಿರ ಕೂತ ಕಾವಲುಗಾರ ಒಮ್ಮೆ ಕಿವಿಗೊಡುತ್ತಾನೆ. ನಾನು ಎಣಿಸುತ್ತೇನೆ. ಮೂರಾಗುತ್ತದೆ, ನಾಲ್ಕಾಗುತ್ತದೆ, ನಿಲ್ಲುವುದಿಲ್ಲ. ಎದ್ದು ನೋಡೋ ಮಾರಾಯ, ಒಂದು ಸಲ ಎದ್ದು ನೋಡು ಎಂದು ಒದರಬೇಕೆನಿಸುತ್ತದೆ.

"ಏನಿಲ್ಲ, ಗಾಳಿ," ಎಂದು ಅವನು ಮತ್ತೆ ಬೀಡಿ ಹಚ್ಚುತ್ತಾನೆ.